ಸರ್ಟಿಫಿಕೇಷನ್ ಪರೀಕ್ಷೆಗೆ ಕೈ ಪಳಗಿಸುವುದು

ಕೇಳುಗರಿಗೆ ನಮಸ್ಕಾರ.

ಮಾಹಿತಿ ತಂತ್ರಜ್ಞಾನದ ಉದ್ಯೋಗಗಳಲ್ಲಿ ಪದವಿಯ ಜೊತೆಜೊತೆಗೇ ಕೇಳಿಬರುವ ಇನ್ನೊಂದು ಅರ್ಹತೆಯೆಂದರೆ ವೃತ್ತಿಪರ ಪ್ರಮಾಣಪತ್ರ, ಎಲ್ಲರೂ ಕರೆಯುವಂತೆ ಸರ್ಟಿಫಿಕೇಷನ್. ಈ ಕ್ಷೇತ್ರಕ್ಕೆ ಕಾಲಿಡುವವರು ಇಂದಿಗೂ ಬರೆಯುವ ಕಾಂಪ್ಟಿಯಾ ಎಂಬ ಸಂಸ್ಥೆಯ ಎ ಪ್ಲಸ್ ಪರೀಕ್ಷೆ 1993ರಲ್ಲಿ ಆರಂಭವಾಯಿತು. ನೆಟ್‌ವರ್ಕ್ ಪರಿಣತರಿಗಾಗಿ ಸಿಸ್ಕೊ ಕಂಪನಿ ರೂಪಿಸಿದ ಸಿಸಿಐಇ ಕೂಡ ಅದೇ ವರ್ಷದ್ದು. ಅದರ ಆರಂಭಿಕ ಹಂತವೆನ್ನಬಹುದಾದ ಸಿಸಿಎನ್‌ಎ ಬಂದದ್ದು 1998ರಲ್ಲಿ. ಆ ದಶಕದಲ್ಲಿ ಪ್ರಶ್ನೋತ್ತರಗಳನ್ನು ಉರು ಹೊಡೆದು ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಪರೀಕ್ಷೆ ಗೆದ್ದು, ಕೆಲಸಕ್ಕೆ ಸೇರಿದ ಮೇಲೆ ಒಂದು ಸರ್ವರನ್ನೂ ಸರಿಯಾಗಿ ಸ್ಥಾಪಿಸಲಾಗದೆ ನಿಂತವರನ್ನು ‘ಪೇಪರ್ ಎಂಸಿಎಸ್‌ಇ’ ಎಂದು ಸಹೋದ್ಯೋಗಿಗಳು ಗೇಲಿ ಮಾಡುತ್ತಿದ್ದರು. ಅಂದಿನಿಂದ ಇಂದಿಗೆ ಪರೀಕ್ಷೆಗಳು ಬಹಳಷ್ಟು ಬದಲಾಗಿವೆ. ಆದರೆ ಅಭ್ಯರ್ಥಿಗಳಲ್ಲಿ ಹೆಚ್ಚಿನವರ ಸಿದ್ಧತೆ ಮಾತ್ರ ಹಳೆಯ ದಾರಿಯಲ್ಲೇ ಸಾಗಿದೆ ಎಂಬುದು ನನ್ನ ಅಭಿಪ್ರಾಯ.

ಏನು ಬದಲಾಗಿದೆ ಎಂಬುದನ್ನು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ನಿರ್ವಾಹಕರ ಪರೀಕ್ಷೆಯೊಂದರಲ್ಲಿ ಸ್ಪಷ್ಟವಾಗಿ ಕಾಣಬಹುದು. ರೆಡ್ ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳೇ ಇಲ್ಲ. ಅಭ್ಯರ್ಥಿಗೆ ಒಂದು ವ್ಯವಸ್ಥೆಯನ್ನೂ ಮಾಡಬೇಕಾದ ಕೆಲಸಗಳ ಪಟ್ಟಿಯನ್ನೂ ಕೊಡುತ್ತಾರೆ. 300 ಅಂಕಗಳಲ್ಲಿ 210 ಬಂದರೆ ತೇರ್ಗಡೆ. ಇಂಟರ್‌ನೆಟ್ ಇರುವುದಿಲ್ಲ, ವ್ಯವಸ್ಥೆಯೊಳಗೇ ಇರುವ ಕೈಪಿಡಿ ಪುಟಗಳಂಥ ದಾಖಲೆಗಳನ್ನು ಮಾತ್ರ ನೋಡಬಹುದು. ಎಲ್ಲಕ್ಕಿಂತ ಮುಖ್ಯವಾದ ಷರತ್ತೆಂದರೆ, ಯಂತ್ರವನ್ನು ರೀಬೂಟ್ ಮಾಡಿದ ಮೇಲೂ ನೀವು ಮಾಡಿದ ಬದಲಾವಣೆ ಉಳಿದಿರಬೇಕು.

ಈ ಷರತ್ತಿನಲ್ಲಿ ಎಷ್ಟೋ ಜನ ಎಡವುತ್ತಾರೆ. ಹೊಸ ಡಿಸ್ಕ್ ವಿಭಾಗವೊಂದನ್ನು ಸೃಷ್ಟಿಸಿ, ಅದು ಸದಾ ಒಂದು ನಿರ್ದಿಷ್ಟ ಡೈರೆಕ್ಟರಿಯಲ್ಲಿ ಲಭ್ಯವಿರುವಂತೆ ಮಾಡಿ ಎಂಬ ಕೆಲಸ ಬಂತೆಂದು ಇಟ್ಟುಕೊಳ್ಳೋಣ. ಅಭ್ಯರ್ಥಿ ವಿಭಾಗವನ್ನು ಸೃಷ್ಟಿಸಿ, ಫೈಲ್ ಸಿಸ್ಟಮ್ ರಚಿಸಿ, ಯಂತ್ರ ಶುರುವಾದಾಗ ಯಾವ ವಿಭಾಗ ಎಲ್ಲಿ ಜೋಡಣೆಯಾಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಒಂದು ಸಾಲು ಬರೆಯುತ್ತಾನೆ. ಆ ಸಾಲಿನ ಆರಂಭದಲ್ಲಿರುವ ಯುಯುಐಡಿ ಎಂಬ ಉದ್ದನೆಯ ಗುರುತಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ. ಆಮೇಲೆ ಆತ, ವಿಭಾಗವನ್ನು ಡೈರೆಕ್ಟರಿಗೆ ಜೋಡಿಸುವ ಮೌಂಟ್ ಆದೇಶಕ್ಕೆ ಸಾಧನದ ಹೆಸರನ್ನೂ ಡೈರೆಕ್ಟರಿಯ ಹೆಸರನ್ನೂ ತಾನೇ ಕೊಟ್ಟು ಪರೀಕ್ಷಿಸಿ ನೋಡುತ್ತಾನೆ. ಎಲ್ಲವೂ ಸರಿಯಾಗಿ ಕೆಲಸ ಮಾಡುತ್ತದೆ. ಮಾಡಲೇಬೇಕು, ಏಕೆಂದರೆ ಎರಡೂ ಹೆಸರುಗಳನ್ನು ಕೊಟ್ಟಾಗ ಆ ಆದೇಶ ಎಫ್‌ಎಸ್‌ಟ್ಯಾಬ್‌ನಲ್ಲಿರುವ ಗುರುತನ್ನು ಅವಲಂಬಿಸುವುದೇ ಇಲ್ಲ. ಯಂತ್ರ ರೀಬೂಟ್ ಆದಾಗ ಮಾತ್ರ ನಿಜ ಬಯಲಾಗುತ್ತದೆ: ಇಲ್ಲದ ಸಾಧನಕ್ಕಾಗಿ ಒಂದೂವರೆ ನಿಮಿಷ ಕಾದು, ಕೊನೆಗೆ ತುರ್ತು ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಸರಿಯಾಗಿ ಮಾಡಿದ್ದ ಉಳಿದ ಕೆಲಸಗಳೂ ಅದರೊಂದಿಗೆ ಅಪಾಯಕ್ಕೆ ಸಿಲುಕುತ್ತವೆ. ವಿಭಾಗವನ್ನು ಒಮ್ಮೆ ಕಳಚಿ, ಎಫ್‌ಎಸ್‌ಟ್ಯಾಬ್‌ನಲ್ಲಿರುವುದನ್ನೆಲ್ಲ ಮೌಂಟ್ ಮಾಡುವ ಆದೇಶ ಕೊಟ್ಟಿದ್ದರೆ ಈ ತಪ್ಪು ಕೆಲವೇ ಕ್ಷಣಗಳಲ್ಲಿ ಸಿಕ್ಕಿಬೀಳುತ್ತಿತ್ತು. ಇದನ್ನು ಯಾವ ಪುಸ್ತಕದಲ್ಲಿ ಓದಿದರೂ ಪರೀಕ್ಷೆಯ ಗಡಿಬಿಡಿಯಲ್ಲಿ ನೆನಪಿಗೆ ಬರುವುದು ಕಷ್ಟ. ಆದರೆ ಕಂಪ್ಯೂಟರ್‌ನೊಳಗೆ ತಂತ್ರಾಂಶದಿಂದಲೇ ನಡೆಯುವ ತನ್ನದೇ ವರ್ಚುವಲ್ ಯಂತ್ರವನ್ನು ಬೇಕೆಂದೇ ಹೀಗೆ ಕೆಡಿಸಿ, ತುರ್ತು ಸ್ಥಿತಿಯಿಂದ ಅದನ್ನು ಮತ್ತೆ ಎಬ್ಬಿಸಿದವನ ಕೈ ಆ ಆದೇಶವನ್ನು ಕೇಳದೆಯೇ ಟೈಪ್ ಮಾಡುತ್ತದೆ.

ಆದ್ದರಿಂದ ಸಿದ್ಧತೆಯ ಮೊದಲ ಕೆಲಸವೆಂದರೆ ಕೆಡಿಸಿದರೂ ನಷ್ಟವಿಲ್ಲದ ಒಂದು ಅಭ್ಯಾಸದ ಜಾಗವನ್ನು ಕಟ್ಟಿಕೊಳ್ಳುವುದು. ಲಿನಕ್ಸ್‌ಗೆ, ವರ್ಚುವಲ್ ಯಂತ್ರಗಳನ್ನು ಸೃಷ್ಟಿಸುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಸಾಕು. ನೆಟ್‌ವರ್ಕಿಂಗ್‌ಗೆ ಸಿಸ್ಕೊ ಉಚಿತವಾಗಿ ಕೊಡುವ, ಜಾಲವನ್ನು ಪರದೆಯ ಮೇಲೆ ಅನುಕರಿಸುವ ಪ್ಯಾಕೆಟ್ ಟ್ರೇಸರ್ ಇದೆ. ಕ್ಲೌಡ್, ಎಂದರೆ ಇಂಟರ್‌ನೆಟ್ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೇವೆಗಳನ್ನು ಕಲಿಯುವವರಿಗೆ ಕಂಪನಿಗಳ ಉಚಿತ ಬಳಕೆಯ ಮಿತಿಗಳಿವೆ. ಕ್ಲೌಡ್ ಖಾತೆ ತೆರೆದ ದಿನವೇ ವೆಚ್ಚದ ಎಚ್ಚರಿಕೆಯನ್ನು ಹೊಂದಿಸಿಡಿ. ಮರೆತು ಬಿಟ್ಟ ಯಂತ್ರವೊಂದು ತಿಂಗಳಿಡೀ ಓಡಿ ತಂದಿಡುವ ಬಿಲ್ಲು ಪರೀಕ್ಷೆಯ ಶುಲ್ಕವನ್ನೂ ಮೀರಬಹುದು.

ಎರಡನೆಯ ಮಾತು ಪರೀಕ್ಷೆಯ ರೂಪುರೇಖೆಯದು. ಹೆಚ್ಚಿನ ಕಂಪನಿಗಳು ಯಾವ ವಿಷಯಕ್ಕೆ ಎಷ್ಟು ತೂಕವಿದೆ ಎಂಬುದನ್ನು ಬಹಿರಂಗವಾಗಿಯೇ ಪ್ರಕಟಿಸುತ್ತವೆ, ಆದರೂ ಅದನ್ನು ಕಡೆಯವರೆಗೆ ಓದುವವರು ಕಡಿಮೆ. ಈಗಿನ ಸಿಸಿಎನ್‌ಎ ಪರೀಕ್ಷೆಯಲ್ಲಿ ಐಪಿ ಸಂಪರ್ಕಕ್ಕೆ ಶೇಕಡಾ 25, ಭದ್ರತೆಯ ಮೂಲಾಂಶಗಳಿಗೆ ಶೇಕಡಾ 15, ಆಟೊಮೇಷನ್‌ಗೆ ಶೇಕಡಾ 10 ಎಂದು ಸ್ಪಷ್ಟವಾಗಿದೆ. ತೂಕಕ್ಕಿಂತಲೂ ಹೆಚ್ಚಿನ ಮಾಹಿತಿ ಅಲ್ಲಿನ ಕ್ರಿಯಾಪದಗಳಲ್ಲಿದೆ. ‘ವಿವರಿಸಿ’ ಎಂದಿರುವ ವಿಷಯವನ್ನು ಓದಿ ತಿಳಿದುಕೊಂಡರೆ ನಡೆದೀತು. ‘ಕಾನ್ಫಿಗರ್ ಮಾಡಿ ಮತ್ತು ಪರಿಶೀಲಿಸಿ’ ಎಂದಿರುವುದನ್ನು ಕೈಯಾರೆ ಮಾಡದೆ ವಿಧಿಯಿಲ್ಲ. ಜೊತೆಗೆ ಕೆಲವು ಲೆಕ್ಕಗಳು ನಾಲಿಗೆಯ ತುದಿಯಲ್ಲಿರಬೇಕು. 192.168.10.77 ಎಂಬ ವಿಳಾಸ, ಪ್ರಿಫಿಕ್ಸ್ 26 (ವಿಳಾಸದ ಮೊದಲ 26 ಬಿಟ್‌ಗಳು ಜಾಲದ ಗುರುತು) ಎಂದ ಕೂಡಲೇ ಆ ಜಾಲ ಕೊನೆಯ ಸಂಖ್ಯೆ 64ರಿಂದ ಶುರುವಾಗಿ 127ಕ್ಕೆ ಮುಗಿಯುತ್ತದೆ, ನಡುವಿನ 62 ವಿಳಾಸಗಳನ್ನು ಸಾಧನಗಳಿಗೆ ಕೊಡಬಹುದು ಎಂದು ಹೊಳೆಯಬೇಕು. ಸಿಸಿಎನ್‌ಎಯಲ್ಲಿ ಒಮ್ಮೆ ದಾಟಿದ ಪ್ರಶ್ನೆಗೆ ಮರಳಿ ಹೋಗುವಂತಿಲ್ಲವಾದ್ದರಿಂದ, ಕಷ್ಟದ ಲೆಕ್ಕವನ್ನು ಕೊನೆಗೆ ನೋಡೋಣ ಎಂದು ಬಿಟ್ಟುಬರುವ ಅವಕಾಶವೂ ಇರುವುದಿಲ್ಲ.

ಹಾಗೆಂದು ಬಹು ಆಯ್ಕೆಯ ಪ್ರಶ್ನೆಗಳನ್ನು ಹಗುರವಾಗಿ ಕಾಣುವುದು ಬೇಡ. ಅಮೆಜಾನ್‌ನ ಎಡಬ್ಲ್ಯುಎಸ್ ಕ್ಲೌಡ್‌ನ ಸಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆಯನ್ನು ತೆಗೆದುಕೊಳ್ಳಿ: 65 ಪ್ರಶ್ನೆಗಳು, 130 ನಿಮಿಷಗಳು, ಎಂದರೆ ಪ್ರಶ್ನೆಗೆ ಎರಡು ನಿಮಿಷ. ಅಲ್ಲಿ ಎಷ್ಟೋ ಸಲ ನಾಲ್ಕೂ ಉತ್ತರಗಳು ತಾಂತ್ರಿಕವಾಗಿ ಸಾಧ್ಯವಾದವೇ ಆಗಿರುತ್ತವೆ. ಪ್ರಶ್ನೆಯ ಮಧ್ಯದಲ್ಲಿ ಅಡಗಿರುವ ಒಂದು ಷರತ್ತು ಅವುಗಳಲ್ಲಿ ಒಂದನ್ನು ಉಳಿಸಿ ಮೂರನ್ನು ಹೊರಗೆ ಹಾಕುತ್ತದೆ. ಹಳೆಯ ವರದಿಗಳನ್ನು ಏಳು ವರ್ಷ ಕಾಪಾಡಬೇಕು, ಕೇಳಿದಾಗ ಒಂದು ದಿನದೊಳಗೆ ಸಿಕ್ಕರೆ ಸಾಕು, ವೆಚ್ಚ ಆದಷ್ಟು ಕಡಿಮೆಯಿರಬೇಕು ಎಂದರೆ ಉತ್ತರ ಗ್ಲೇಷಿಯರ್ ಡೀಪ್ ಆರ್ಕೈವ್ ಎಂಬ ಅಗ್ಗದ ಸಂಗ್ರಹಣಾ ಸೇವೆ. ಅಲ್ಲಿಂದ ಮಾಹಿತಿ ಮರಳಿ ಬರಲು ಸಾಮಾನ್ಯ ವಿಧಾನದಲ್ಲಿ 12 ಗಂಟೆಗಳವರೆಗೆ ಹಿಡಿಯುತ್ತದೆ. ಅದೇ ಪ್ರಶ್ನೆಯಲ್ಲಿ ‘ಕೇಳಿದ ತಕ್ಷಣ ತೆರೆಯಬೇಕು’ ಎಂಬ ಮೂರು ಪದ ಸೇರಿದರೆ ಆ ಉತ್ತರ ಬಿದ್ದುಹೋಗಿ, ಮಿಲಿಸೆಕೆಂಡುಗಳಲ್ಲಿ ಒದಗುವ ಗ್ಲೇಷಿಯರ್ ಇನ್‌ಸ್ಟಂಟ್ ರಿಟ್ರೀವಲ್ ಸರಿಯಾಗುತ್ತದೆ. ಇಲ್ಲಿ ಒರೆಗೆ ಹಚ್ಚುತ್ತಿರುವುದು ಷರತ್ತುಗಳ ನಡುವೆ ನಿರ್ಧಾರ ಮಾಡುವ ಶಕ್ತಿಯನ್ನು. ಅಭ್ಯಾಸದ ಪ್ರಶ್ನೆಪತ್ರಿಕೆ ಬಿಡಿಸಿದ ಮೇಲೆ ತಪ್ಪಾದ ಪ್ರಶ್ನೆಗಳನ್ನಷ್ಟೇ ನೋಡಿ ಮುಂದೆ ಹೋಗದೆ, ಪ್ರತಿಯೊಂದು ತಪ್ಪು ಆಯ್ಕೆಯೂ ಯಾವ ಸನ್ನಿವೇಶದಲ್ಲಿ ಸರಿಯಾದೀತು ಎಂದು ಒಂದೊಂದು ವಾಕ್ಯ ಬರೆದುಕೊಳ್ಳುವುದು ನನಗೆ ಗೊತ್ತಿರುವ ಅತ್ಯುತ್ತಮ ಅಭ್ಯಾಸ. ಊಹೆಯಿಂದ ಸರಿಯಾದ ಪ್ರಶ್ನೆಗಳಿಗೂ ಇದು ಅನ್ವಯಿಸುತ್ತದೆ.

ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಏಕೆ ಮೇಲು ಎಂಬುದಕ್ಕೆ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಐದು ನಿಮಿಷಗಳ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ನೆನಪಿನಿಂದ ಬರೆದು ಪರೀಕ್ಷಿಸಿಕೊಂಡವರು ಅವರನ್ನು ಹಿಂದೆ ಹಾಕಿದ್ದರು. ಹಿಂದಿನ ರಾತ್ರಿ ವಿಡಿಯೊಗಳನ್ನು ನೋಡಿ ಮುಗಿಸಿದಾಗ ಮೂಡುವ ಆತ್ಮವಿಶ್ವಾಸದ ಆಯಸ್ಸೂ ಇಷ್ಟೇ ಕಿರಿದು.

ಅಡ್ಡದಾರಿಯ ಬಗ್ಗೆಯೂ ಹೇಳಲೇಬೇಕು. ನಿಜವಾದ ಪರೀಕ್ಷೆಯ ಪ್ರಶ್ನೆಗಳನ್ನು ಕದ್ದು ಮಾರುವ ‘ಡಂಪ್’ಗಳು ಎಲ್ಲೆಡೆ ಸಿಗುತ್ತವೆ. ಪರೀಕ್ಷೆಗೆ ಮೊದಲು ಅಭ್ಯರ್ಥಿ ಒಪ್ಪಿಕೊಳ್ಳುವ ಗೋಪ್ಯತೆಯ ಕರಾರಿಗೆ ಇದು ನೇರ ವಿರುದ್ಧ. ಸಿಕ್ಕಿಬಿದ್ದರೆ ಪ್ರಮಾಣಪತ್ರ ರದ್ದಾಗುವುದಲ್ಲದೆ ಮುಂದಿನ ಪರೀಕ್ಷೆಗಳಿಗೂ ಬಾಗಿಲು ಮುಚ್ಚಬಹುದು. ನೀತಿಯ ಪ್ರಶ್ನೆಯನ್ನು ಬದಿಗಿಟ್ಟು ನೋಡಿದರೂ ಅದು ಕೆಟ್ಟ ವ್ಯಾಪಾರವೇ. ಡಂಪ್‌ಗಳಲ್ಲಿನ ಉತ್ತರಗಳು ಅನೇಕ ಸಲ ತಪ್ಪಾಗಿರುತ್ತವೆ. ಸಂದರ್ಶಕರು ‘ಇದನ್ನೇ ಏಕೆ ಆರಿಸಿದಿರಿ’ ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು, ಪ್ರಮಾಣಪತ್ರ ಇದ್ದೂ ಇಲ್ಲದಂತಾಗುತ್ತದೆ.

ಯಾವ ಪರೀಕ್ಷೆಯನ್ನು ಯಾವಾಗ ಬರೆಯಬೇಕು ಎಂಬುದರಲ್ಲೂ ವಿವೇಚನೆ ಬೇಕು. ಮಾಹಿತಿ ಭದ್ರತೆಯಲ್ಲಿ ಸಿಐಎಸ್‌ಎಸ್‌ಪಿ ಪ್ರಮಾಣಪತ್ರಕ್ಕೆ ದೊಡ್ಡ ಹೆಸರಿದೆ, ಆದರೆ ಅದನ್ನು ಪಡೆಯಲು ಸಾಮಾನ್ಯವಾಗಿ ಐದು ವರ್ಷಗಳ ಕೆಲಸದ ಅನುಭವವೂ ಬೇಕು. ಅನುಭವವಿಲ್ಲದೆ ಪರೀಕ್ಷೆ ಗೆದ್ದವರು ಸದ್ಯಕ್ಕೆ ಅಸೋಸಿಯೇಟ್ ಎನಿಸಿಕೊಂಡು, ಆರು ವರ್ಷಗಳೊಳಗೆ ಅನುಭವವನ್ನು ಗಳಿಸಬೇಕಾಗುತ್ತದೆ. ಹೊಸದಾಗಿ ಬರುವವರಿಗೆ ಕಾಂಪ್ಟಿಯಾದ ಸೆಕ್ಯುರಿಟಿ ಪ್ಲಸ್ ಹೆಚ್ಚು ಸಮಂಜಸ. ಅವಧಿಯನ್ನೂ ಗಮನಿಸಬೇಕು: ಸಿಸಿಎನ್‌ಎ ಮೂರು ವರ್ಷ ಊರ್ಜಿತದಲ್ಲಿರುತ್ತದೆ, ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಹಂತದ ಪ್ರಮಾಣಪತ್ರಗಳು ಒಂದೇ ವರ್ಷ, ಆದರೆ ಉಚಿತವಾದ ಆನ್‌ಲೈನ್ ಮೌಲ್ಯಮಾಪನದಿಂದ ಅವುಗಳನ್ನು ನವೀಕರಿಸಬಹುದು.

ಪರೀಕ್ಷೆಯ ದಿನದ ಬಗ್ಗೆ ಎರಡೇ ಮಾತು. ಎಡಬ್ಲ್ಯುಎಸ್‌ನ ಆ 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇಲ್ಲ, ಅವು ಮುಂದಿನ ಪರೀಕ್ಷೆಗಳಿಗಾಗಿ ಪ್ರಯೋಗಕ್ಕಿಟ್ಟವು; ಯಾವುವೆಂದು ಹೇಳುವುದಿಲ್ಲ. ಎಂದೂ ಕೇಳರಿಯದ ಪ್ರಶ್ನೆ ಎದುರಾದರೆ ಎದೆಗುಂದದೆ ಒಂದು ಉತ್ತರ ಗುರುತಿಸಿ ಮುಂದೆ ಸಾಗಿ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ತೇರ್ಗಡೆಗೆ ಬೇಕಾದ 720 ಎಂಬ ಸಂಖ್ಯೆ 100ರಿಂದ 1000ದವರೆಗಿನ ಅಳತೆಯ ಮೇಲಿನದು, ಶೇಕಡಾ 72 ಎಂದು ಅದರ ಅರ್ಥವಲ್ಲ. ಒಂದು ವೇಳೆ ತೇರ್ಗಡೆಯಾಗದಿದ್ದರೆ ಎಡಬ್ಲ್ಯುಎಸ್‌ನಲ್ಲಿ 14 ದಿನ ಕಾದು ಮತ್ತೆ ಬರೆಯಬಹುದು. ಫಲಿತಾಂಶದೊಂದಿಗೆ ಬರುವ ವರದಿ ಯಾವ ವಿಭಾಗದಲ್ಲಿ ನೀವು ಹಿಂದೆ ಬಿದ್ದಿರಿ ಎಂಬುದನ್ನು ತೋರಿಸುತ್ತದೆ. ಆ ಎರಡು ವಾರಗಳಲ್ಲಿ ಹೊಸ ಪುಸ್ತಕ ಕೊಳ್ಳುವ ಬದಲು, ಆ ಒಂದು ವಿಭಾಗದ ಕೆಲಸಗಳನ್ನಷ್ಟೇ ಅಭ್ಯಾಸದ ಯಂತ್ರದಲ್ಲಿ ಮೊದಲಿನಿಂದ ಮಾಡಿನೋಡಿ. ನಮಸ್ಕಾರ.