ಡೊಂಬಿವಲಿಯ ಮಳೆಯಲ್ಲಿ ಎಲುಬಿನ ಸೈನ್ಯ

ನಮಸ್ಕಾರ. ಕಿಟಕಿಯಾಚೆ ನೀವು ನೋಡುತ್ತಿರುವುದು ಮುಂಬೈ ಬಳಿಯ ಡೊಂಬಿವಲಿ ಪೂರ್ವ. ಬೆಳಗಿನ ಎಂಟು ಗಂಟೆಯಾದರೂ ಬೀದಿದೀಪ ಆರಿಸಿಲ್ಲ, ಅಷ್ಟು ಮೋಡ. ರಾತ್ರಿ ಎರಡಕ್ಕೆ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಸಯನ್ ಮತ್ತು ಕುರ್ಲಾ ಕಡೆ ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲುಗಳು ಸ್ಥಗಿತವಾಗಿವೆ. ಕಚೇರಿಗೆ ಬರುವುದು ಬೇಡವೆಂದು ಸಂದೇಶವೂ ಬಂದಿದೆ. ಅಮ್ಮ ಅಡುಗೆಮನೆಯಲ್ಲಿ ಪತ್ರೊಡೆಗೆ ಅಕ್ಕಿ ನೆನೆಹಾಕಿದ್ದಾರೆ. ನಮ್ಮೂರು ಕುಂದಾಪುರದಲ್ಲಿ ಹಿತ್ತಲಿಗೆ ಹೋಗಿ ಕೊಯ್ದು ತರುವ ಕೆಸುವಿನ ಎಲೆಯನ್ನು ಇಲ್ಲಿ ತರಕಾರಿಯವರ ಬಳಿ "ಅಳು" ಎಂದು ಮರಾಠಿಯಲ್ಲಿ ಕೇಳಿ ತರಬೇಕು. ನಿನ್ನೆ ಸಂಜೆಯೇ ತಂದಿಟ್ಟದ್ದು ಒಳ್ಳೆಯದಾಯಿತು.

ಈ ವಿಡಿಯೊದಲ್ಲಿ ಇರುವುದು ಮಳೆಯಲ್ಲ, ಆಟ. ರಾಕ್ಷಸರನ್ನು ಕೊಲ್ಲುತ್ತ ಮುಂದೆ ಸಾಗುವ ಕಂಪ್ಯೂಟರ್ ಆಟ, ಡಯಾಬ್ಲೊ 2. ಮೊದಲು ಬಂದದ್ದು 2000ದಲ್ಲಿ. ಈಗ ಪರದೆಯ ಮೇಲೆ ಇರುವುದು 2021ರ ಸೆಪ್ಟೆಂಬರಿನಲ್ಲಿ ಹೊಸ ಚಿತ್ರಗಳೊಂದಿಗೆ ಬಂದ ರಿಸರೆಕ್ಟೆಡ್. ಕೀಬೋರ್ಡಿನಲ್ಲಿ ಜಿ ಒತ್ತುತ್ತೇನೆ, ನೋಡಿ: ಎಲ್ಲವೂ ಹಳೆಯ ರೂಪಕ್ಕೆ ತಿರುಗಿತು. ಆ ಮಸುಕು ಚಿತ್ರ, ಆ ಒರಟು ಅಂಚುಗಳು. ನಾನು ಈ ಆಟ ಕಲಿತದ್ದು ಈ ರೂಪದಲ್ಲಿ. ಇಂದಿಗೂ ನನ್ನ ಕಣ್ಣಿಗೆ ಇದೇ ಹೆಚ್ಚು ಹಿತ.

ನನ್ನ ಪಕ್ಕದಲ್ಲಿ ಕುಳಿತಿರುವುದು ಅಕ್ಕನ ಮಗ. ಇಂಜಿನಿಯರಿಂಗ್ ಓದಲು ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದಾನೆ. ಮುಖ ತೋರಿಸಬೇಡಿ ಎಂದಿದ್ದಾನೆ, ಆದ್ದರಿಂದ ಕೈಗಳಷ್ಟೇ ಕಾಣುತ್ತವೆ. ಕಳೆದ ತಿಂಗಳು ಅವನು ನೆಕ್ರೋಮ್ಯಾನ್ಸರ್ ಪಾತ್ರವನ್ನು ಆರಿಸಿಕೊಂಡ. ಹೆಣಗಳಿಂದ ಅಸ್ಥಿಪಂಜರಗಳನ್ನು ಎಬ್ಬಿಸಿ ಅವುಗಳಿಂದ ಯುದ್ಧ ಮಾಡಿಸುವವನು. ಲೆವೆಲ್ 19ರವರೆಗೆ ಬಂದು, ಎರಡನೆಯ ಅಂಕದ ಕೊನೆಯ ರಾಕ್ಷಸ ಡ್ಯೂರಿಯಲ್‌ನ ಕೋಣೆಯಲ್ಲಿ ಹನ್ನೊಂದು ಸಲ ಸತ್ತಿದ್ದಾನೆ. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಕೇಳಿದ: "ಮಾವ, ಈ ಪಾತ್ರವೇ ದುರ್ಬಲವೋ, ನನಗೆ ಆಡಲು ಬರುವುದಿಲ್ಲವೋ?"

ಪಾತ್ರ ದುರ್ಬಲವಲ್ಲ, ಅವನ ಕೈಯೂ ಚೆನ್ನಾಗಿದೆ. ಲೆವೆಲ್ ಏರಿದಂತೆ ಸಿಗುವ ಪಾಯಿಂಟುಗಳನ್ನು ಅವನು ಮಂತ್ರಗಳಿಗೆ ಹಂಚಿದ ರೀತಿಯನ್ನು ನೋಡಬೇಕಿತ್ತು.

ಇದೇ ಆ ಪುಟ. ಲೆವೆಲ್ 19 ಎಂದರೆ ಲೆವೆಲ್ ಏರಿದ್ದಕ್ಕೆ 18 ಸ್ಕಿಲ್ ಪಾಯಿಂಟ್. ಮೊದಲ ಅಂಕದ ಡೆನ್ ಆಫ್ ಈವಿಲ್ ಗುಹೆಯನ್ನು ಖಾಲಿ ಮಾಡಿದ್ದಕ್ಕೆ ಒಂದು, ಎರಡನೆಯ ಅಂಕದಲ್ಲಿ ಚರಂಡಿಯೊಳಗಿನ ರಾಡಮೆಂಟ್‌ನನ್ನು ಕೊಂದದ್ದಕ್ಕೆ ಇನ್ನೊಂದು. ಒಟ್ಟು 20. ಅವನು ಏನು ಮಾಡಿದ್ದಾನೆ? ಹಲ್ಲುಗಳನ್ನು ಎಸೆಯುವ ಟೀತ್ ಮಂತ್ರಕ್ಕೆ ನಾಲ್ಕು. ಎಲುಬಿನ ಕವಚ ಬೋನ್ ಆರ್ಮರ್‌ಗೆ ಮೂರು, ಎಲುಬಿನ ಗೋಡೆ ಬೋನ್ ವಾಲ್‌ಗೆ ಒಂದು. ಮಂತ್ರವಾದಿ ಅಸ್ಥಿಪಂಜರಗಳಿಗೆ ಎರಡು. ಮೂರು ಬಗೆಯ ಶಾಪಗಳಿಗೆ ಒಂದೊಂದು. ಮಂತ್ರದಿಂದ ಎದ್ದು ಕಾದಾಡುವ ಮಣ್ಣಿನ ಬೊಂಬೆ ಗೋಲೆಮ್‌ಗೆ ಒಂದು. ಇಷ್ಟೆಲ್ಲ ಆದ ಮೇಲೆ ಸೈನ್ಯದ ಮುಂಚೂಣಿಯಲ್ಲಿ ನಿಲ್ಲಬೇಕಾದ ಸಾಮಾನ್ಯ ಅಸ್ಥಿಪಂಜರಗಳಿಗೆ ಉಳಿದದ್ದು ಐದು, ಅವುಗಳ ಬಲ ಹೆಚ್ಚಿಸುವ ಸ್ಕೆಲಿಟನ್ ಮಾಸ್ಟರಿ ಎಂಬ ಕೌಶಲಕ್ಕೆ ಒಂದೇ ಒಂದು.

ಪ್ರತಿ ಹೊಸ ಮಂತ್ರವೂ ತೆರೆದುಕೊಂಡಾಗ ಒಂದು ಪಾಯಿಂಟ್ ಕೊಟ್ಟು ನೋಡುವ ಆಸೆ ಯಾರಿಗಿಲ್ಲ? ಆದರೆ ಈ ಪಾತ್ರ ಬಯಸುವುದು ಬೇರೆ. ಒಂದು ಪಾಯಿಂಟ್ ಕೊಟ್ಟರೆ ಮಂತ್ರ ಒಂದು ಹಂತ ಏರುತ್ತದೆ. ಅಸ್ಥಿಪಂಜರಗಳ ಲೆಕ್ಕ ಹೀಗಿದೆ: ಮೊದಲ ಮೂರು ಹಂತಗಳಲ್ಲಿ ಹಂತಕ್ಕೊಂದರಂತೆ ಸಿಗುತ್ತವೆ, ಆಮೇಲೆ ಮೂರು ಹಂತಗಳಿಗೆ ಒಂದೇ. ಅಂದರೆ 6ಕ್ಕೆ ನಾಲ್ಕು, 9ಕ್ಕೆ ಐದು, 12ಕ್ಕೆ ಆರು, 18ಕ್ಕೆ ಎಂಟು. ಸಂಖ್ಯೆ ಏರದ ಹಂತಗಳಲ್ಲಿ ಕೊಟ್ಟ ಪಾಯಿಂಟ್ ವ್ಯರ್ಥವಾಯಿತೆಂದು ಹಲವರು ತಿಳಿಯುತ್ತಾರೆ. ಹಾಗಿಲ್ಲ. ಮೂರನೆಯ ಹಂತ ದಾಟಿದ ಮೇಲೆ ಒಂದೊಂದು ಪಾಯಿಂಟೂ ಇರುವ ಅಸ್ಥಿಪಂಜರಗಳೆಲ್ಲವನ್ನೂ ಗಟ್ಟಿ ಮಾಡುತ್ತದೆ. ಎಣಿಕೆ ನಾಲ್ಕಕ್ಕೇ ನಿಂತಿದೆ ಎಂದು ಬೇಸತ್ತು ಬೇರೆ ಕಡೆ ಕೈಹಾಕಿದರೆ ಆ ನಾಲ್ಕೂ ಬಡಕಲಾಗಿಯೇ ಉಳಿಯುತ್ತವೆ.

ಈ ಆಟದಲ್ಲಿ ತಪ್ಪನ್ನು ತಿದ್ದಿಕೊಳ್ಳಲು ದಾರಿಯಿದೆ, ಅದಕ್ಕಾಗಿ ನಾನು ನಿಜಕ್ಕೂ ಕೃತಜ್ಞ. 2010ರಲ್ಲಿ ಬಂದ 1.13 ಪರಿಷ್ಕರಣೆಯಿಂದ, ಡೆನ್ ಆಫ್ ಈವಿಲ್ ಮುಗಿಸಿದವರಿಗೆ ಅಕಾರಾ ಎಂಬ ಅರ್ಚಕಿ ಎಲ್ಲ ಪಾಯಿಂಟುಗಳನ್ನೂ ಹಿಂದಿರುಗಿಸುತ್ತಾಳೆ. ನಾರ್ಮಲ್, ನೈಟ್‌ಮೇರ್, ಹೆಲ್ ಎಂದು ಆಟಕ್ಕೆ ಕಷ್ಟದ ಮೂರು ಮಟ್ಟಗಳಿವೆ, ಮೂರರಲ್ಲೂ ಒಂದೊಂದು ಸಲ. ಅದಕ್ಕೂ ಮೊದಲು ತಪ್ಪು ಹಂಚಿಕೆಯಾದರೆ ಪಾತ್ರವನ್ನೇ ಬಿಟ್ಟು ಮತ್ತೆ ಲೆವೆಲ್ 1ರಿಂದ ಶುರುಮಾಡುತ್ತಿದ್ದೆವು. ನಾನು ಹಾಗೆ ಬಿಟ್ಟ ನೆಕ್ರೋಮ್ಯಾನ್ಸರ್‌ಗಳು ಮೂವರು.

ಈಗ ನೋಡಿ, ಹೊಸ ಹಂಚಿಕೆ. ಅಸ್ಥಿಪಂಜರಕ್ಕೆ ಹನ್ನೊಂದು. ಮಾಸ್ಟರಿಗೆ ಐದು. ಗೋಲೆಮ್‌ಗೆ ಒಂದು. ಆಂಪ್ಲಿಫೈ ಡ್ಯಾಮೇಜ್ ಎಂಬ ಶಾಪಕ್ಕೆ ಒಂದು. ಹೆಣವನ್ನು ಸಿಡಿಸುವ ಕಾರ್ಪ್ಸ್ ಎಕ್ಸ್‌ಪ್ಲೋಶನ್‌ಗೆ ಒಂದು, ಅದನ್ನು ತಲುಪಲು ಟೀತ್ ಬೇಕೇ ಬೇಕು, ಅದಕ್ಕೊಂದು. ಇಪ್ಪತ್ತೂ ಮುಗಿಯಿತು. ಅವನ ಕೈಯಲ್ಲಿರುವುದು ಆಟದ ಮೊದಲ ಕ್ಷಣದಲ್ಲಿ ಕೊಟ್ಟ ದಂಡವೇ. ಅದನ್ನು ಮಾರಬೇಡ ಎಂದಿದ್ದೆ. ಅದರಲ್ಲಿ ಅಸ್ಥಿಪಂಜರಕ್ಕೆ ಒಂದು ಹಂತ ಹೆಚ್ಚುವರಿಯಾಗಿ ಸಿಗುತ್ತದೆ. ಹನ್ನೊಂದು ಹನ್ನೆರಡಾಯಿತು, ನಾಲ್ವರಿದ್ದ ಸೈನ್ಯ ಆರಾಯಿತು.

ಹಿಂದಿನ ವಾರದ ಒಂದು ತುಣುಕನ್ನು ಇಲ್ಲಿ ಸೇರಿಸುತ್ತೇನೆ. ಇದು ಫಾರ್ ಓಯಸಿಸ್ ಮರಳುಗಾಡಿನ ಕೆಳಗಿರುವ ಮ್ಯಾಗಟ್ ಲೇರ್, ಹುಳುಗಳ ಬಿಲ. ಸೈನ್ಯ ಕಟ್ಟುವವರಿಗೆ ಇಡೀ ಆಟದಲ್ಲಿ ಇದಕ್ಕಿಂತ ಕಷ್ಟದ ಜಾಗ ನನಗೆ ಗೊತ್ತಿಲ್ಲ. ದಾರಿ ಒಬ್ಬರ ಅಗಲಕ್ಕಿದೆ. ಮುಂದಿರುವ ಒಂದು ಅಸ್ಥಿಪಂಜರ ಹೊಡೆದಾಡುತ್ತದೆ, ಉಳಿದವು ಅದರ ಬೆನ್ನಿಗೆ ಅಂಟಿಕೊಂಡು ನಿಂತಿರುತ್ತವೆ. ಸಂಜೆ ಏಳಕ್ಕೆ ದಾದರ್ ರೈಲು ನಿಲ್ದಾಣದ ಸೇತುವೆಯ ಮೆಟ್ಟಿಲಲ್ಲಿ ಸಿಕ್ಕಿಕೊಂಡವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ: ಮುಂದಿನವರು ಹೆಜ್ಜೆ ಕೀಳುವವರೆಗೆ ಹಿಂದಿನವರ ಕಸುವು ಯಾವ ಕೆಲಸಕ್ಕೂ ಬಾರದು. ಅತ್ತ ಹುಳುಗಳು ಮೊಟ್ಟೆಯಿಡುತ್ತವೆ, ಮೊಟ್ಟೆಯೊಡೆದು ಮರಿಗಳು ಬರುತ್ತವೆ. ಹುಡುಗ ಗಾಬರಿಯಾಗಿ ಹಿಂದಕ್ಕೆ ಓಡಿದ. ಅವನು ದೂರವಾದ ಕೂಡಲೇ ಸೈನ್ಯವೂ ಮುಂಚೂಣಿ ಬಿಟ್ಟು ಅವನ ಕಡೆಗೆ ಹೊರಳಿತು.

ನಾನು ವಿಡಿಯೊ ನಿಲ್ಲಿಸಿ ಅವನಿಗೆ ತೋರಿಸಿದ್ದು ಇದನ್ನೇ. ಸೈನ್ಯಕ್ಕೆ ಬಾಯಿಮಾತಿನ ಆಜ್ಞೆಯಿಲ್ಲ. ನೀನು ಎಲ್ಲಿ ನಿಂತಿದ್ದೀಯೋ ಅದೇ ಅದಕ್ಕೆ ಆಜ್ಞೆ. ಎರಡು ಹೆಜ್ಜೆ ಮುಂದಿಟ್ಟರೆ ಅವು ಮುಂದೆ ನುಗ್ಗುತ್ತವೆ, ಹಿಂದಕ್ಕೆ ಸರಿದರೆ ಅವೂ ಸರಿಯುತ್ತವೆ. ಕತ್ತಿ ಹಿಡಿದ ಪಾತ್ರದಲ್ಲಿ ಹೊಡೆತ ತಪ್ಪಿಸಿಕೊಳ್ಳಲು ನಡೆಯುತ್ತೇವೆ, ಇಲ್ಲಿ ಸೈನ್ಯವನ್ನು ನಡೆಸಲು ನಡೆಯುತ್ತೇವೆ. ಇದು ಕೈಗೆ ಹತ್ತಿದ ದಿನ ಆಟದ ರುಚಿಯೇ ಬದಲಾಗುತ್ತದೆ. ನನಗೆ ಹತ್ತಲು ಎರಡು ಪಾತ್ರಗಳು ಬೇಕಾದವು.

ನಿಂತಲ್ಲಿಂದ ಮಾಡಬೇಕಾದ ಕೆಲಸ ಶಾಪ. ಆಂಪ್ಲಿಫೈ ಡ್ಯಾಮೇಜ್ ಶತ್ರುವಿನ ದೈಹಿಕ ಪ್ರತಿರೋಧವನ್ನು ನೂರರಷ್ಟು ಇಳಿಸುತ್ತದೆ. ಪ್ರತಿರೋಧವೇ ಇಲ್ಲದ ಶತ್ರುವಿಗೆ ಪ್ರತಿ ಪೆಟ್ಟೂ ಎರಡರಷ್ಟು ಬೀಳುತ್ತದೆ. ಒಂದೇ ಪಾಯಿಂಟಿನಲ್ಲಿ ಅದು ಎಂಟು ಸೆಕೆಂಡು ಉಳಿಯುತ್ತದೆ. ಆರು ಅಸ್ಥಿಪಂಜರ, ಬಾಡಿಗೆಗೆ ಪಡೆದ ಈಟಿಯವನು, ಗೋಲೆಮ್, ಇಷ್ಟೂ ಜನರ ಪೆಟ್ಟನ್ನು ಒಂದು ಕ್ಲಿಕ್ಕಿನಲ್ಲಿ ಇಮ್ಮಡಿಗೊಳಿಸಿದ ಮೇಲೆ ಟೀತ್‌ನ ಹಲ್ಲು ಎಸೆಯುವುದಕ್ಕೆ ಮಾಂತ್ರಿಕಶಕ್ತಿ ಖರ್ಚು ಮಾಡುವುದೇಕೆ? ಒಂದು ಶತ್ರುವಿನ ಮೇಲೆ ಒಂದು ಸಮಯಕ್ಕೆ ಒಂದೇ ಶಾಪ ನಿಲ್ಲುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಅವನು ಆಂಪ್ಲಿಫೈ ಹಾಕಿ, ಅದರ ಮೇಲೆ ವೀಕನ್ ಎಂಬ ಇನ್ನೊಂದು ಶಾಪ ಹಾಕಿ, ಮೊದಲನೆಯದನ್ನು ತಾನೇ ಅಳಿಸುತ್ತಿದ್ದ.

ಅಮ್ಮ ಚಹಾ ತಂದಿಟ್ಟರು. ಪರದೆ ನೋಡಿ "ಇಷ್ಟು ಎಲುಬು ಮನೆಯೊಳಗೆ ಬೇಕಾ?" ಎಂದರು. ಹುಡುಗ "ಅಜ್ಜಿ, ಇವು ನಮ್ಮ ಕಡೆಯವು" ಎಂದ. ಅವರು ಸ್ವಲ್ಪ ಹೊತ್ತು ನಿಂತು ನೋಡಿಯೇ ಹೋದರು.

ಈಗ ಡ್ಯೂರಿಯಲ್‌ನ ಕೋಣೆಗೆ ದಾರಿಯಿರುವ ತಲ್ ರಾಷಾನ ಗೋರಿ. ಏಳು ಗೋರಿಗಳಲ್ಲಿ ನಿಜವಾದದ್ದು ಇದು. ನಾವಿಬ್ಬರೂ ಇಲ್ಲಿ ಅವಸರ ಮಾಡಲಿಲ್ಲ. ಪ್ರತಿ ಹೆಣದ ಮುಂದೆಯೂ ಒಂದು ತೀರ್ಮಾನವಿರುತ್ತದೆ: ಎಬ್ಬಿಸುವುದೋ, ಸಿಡಿಸುವುದೋ, ಹಾಗೆಯೇ ಬಿಡುವುದೋ. ಎಬ್ಬಿಸಿದರೆ ಒಬ್ಬ ಸೈನಿಕ. ಸಿಡಿಸಿದರೆ ಹೆಣದ ಜೀವಬಲಕ್ಕೆ ತಕ್ಕ ಪೆಟ್ಟು ಸುತ್ತಲಿನವರಿಗೆಲ್ಲ, ಅದರಿಂದ ಇನ್ನೆರಡು ಹೆಣ. ಬಿಟ್ಟರೆ ಅದು ಆಪತ್ತಿಗೆ ಇಟ್ಟ ಗಂಟು. ಮೊದಲ ಅಂಕದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇತ್ತು. ಅಲ್ಲಿ ಫಾಲನ್ ಎಂಬ ಪುಟ್ಟ ರಾಕ್ಷಸರಿದ್ದಾರೆ, ಸತ್ತವರನ್ನು ಅವರ ಮಂತ್ರವಾದಿ ಶಾಮನ್ ಮತ್ತೆ ಬದುಕಿಸುತ್ತಾನೆ. ಆ ಹೆಣದಿಂದ ನಾವು ಮೊದಲೇ ಅಸ್ಥಿಪಂಜರ ಎಬ್ಬಿಸಿಬಿಟ್ಟರೆ ಅವನಿಗೆ ಬದುಕಿಸಲು ಏನೂ ಉಳಿಯುವುದಿಲ್ಲ. ಬೇರೆ ಪಾತ್ರದವರು ಶಾಮನ್‌ನನ್ನು ಹುಡುಕಿಕೊಂಡು ಓಡುವಾಗ ನಾವು ನಿಂತಲ್ಲೇ ಅವನ ಕೆಲಸ ಕೆಡಿಸಬಹುದು.

ಗೋರಿಯಲ್ಲಿ ಆರೂ ಅಸ್ಥಿಪಂಜರಗಳು ಪೂರ್ಣವಾದ ಮೇಲೆ ಮೂರು ಹೆಣಗಳನ್ನು ಮುಟ್ಟದೆ ಬಿಡಿಸಿದೆ. "ಯಾಕೆ ಮಾವ?" ಎಂದ. ಒಳಗಿನ ಕೋಣೆಯಲ್ಲಿ ಡ್ಯೂರಿಯಲ್ ಒಬ್ಬನೇ ಇರುತ್ತಾನೆ. ಅವನ ಪರಿವಾರವಿಲ್ಲ, ಆದ್ದರಿಂದ ಹೆಣವೂ ಇಲ್ಲ. ಒಳಗೆ ಬಿದ್ದ ಅಸ್ಥಿಪಂಜರದ ಜಾಗಕ್ಕೆ ಅಲ್ಲೇ ಇನ್ನೊಂದನ್ನು ಎಬ್ಬಿಸಲಾಗದು, ಹೊರಗೆ ಬಂದು ಈ ಹೆಣಗಳಿಂದಲೇ ಎಬ್ಬಿಸಬೇಕು. ಹನ್ನೊಂದು ಸಲ ಅವನು ಸತ್ತದ್ದು ಇದೇ ಕಾರಣಕ್ಕೆ. ಪ್ರತಿ ಸಲ ನಾಲ್ಕು ಬಡಕಲು ಅಸ್ಥಿಪಂಜರಗಳು ಅರ್ಧ ನಿಮಿಷದಲ್ಲಿ ಪುಡಿಯಾಗುತ್ತಿದ್ದವು, ಆಮೇಲೆ ಪುಟ್ಟ ಕೋಣೆಯಲ್ಲಿ ಇವನು ಒಬ್ಬಂಟಿ.

ಹೆಣ ಬೇಡದ ಸೈನಿಕ ಒಬ್ಬನಿದ್ದಾನೆ, ಮಣ್ಣಿನ ಗೋಲೆಮ್. ಬಿದ್ದರೆ ಮತ್ತೆ ಮಂತ್ರ ಹಾಕಿದರೆ ಸಾಕು, ಬೇಕಾದ ಜಾಗದಲ್ಲೇ ಏಳುತ್ತಾನೆ. ಅವನು ಹೊಡೆದ ಶತ್ರುವಿನ ವೇಗ ಕುಗ್ಗುತ್ತದೆ. ನುಗ್ಗಿ ಬರುವುದೇ ಬಲವಾಗಿರುವ ಡ್ಯೂರಿಯಲ್‌ಗೆ ಇದಕ್ಕಿಂತ ದೊಡ್ಡ ಅಡ್ಡಿಯಿಲ್ಲ. ಲೆವೆಲ್ 24ರಲ್ಲಿ ಡಿಕ್ರೆಪಿಫೈ ಶಾಪ ಸಿಕ್ಕ ಮೇಲೆ ಈ ಕೆಲಸ ಇನ್ನೂ ಹಗುರ, ಆದರೆ ಅದು ಇನ್ನೂ ಐದು ಲೆವೆಲ್ ದೂರ. ಆದ್ದರಿಂದ ಸೊಂಟಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಾಂತ್ರಿಕಶಕ್ತಿ ತುಂಬಿಕೊಡುವ ನೀಲಿ ಸೀಸೆಗಳನ್ನೇ ತುಂಬಿಸಿದೆವು.

ಇಲ್ಲಿಂದ ನಾನು ಮಾತನಾಡುವುದಿಲ್ಲ ಎಂದುಕೊಂಡಿದ್ದೆ. ಚಿತ್ರೀಕರಣ ನೋಡಿದರೆ ನನ್ನ ದನಿಯೇ ತುಂಬಿದೆ. "ಗೋಲೆಮ್ ಹಾಕು. ಶಾಪ. ಮತ್ತೆ ಶಾಪ. ನೀನು ಗೋಡೆಗೆ ಹೋಗು."

ಒಳಹೊಕ್ಕ ಕ್ಷಣಕ್ಕೇ ಡ್ಯೂರಿಯಲ್ ಮೈಮೇಲೆ ಬಂದ. ಹುಡುಗನ ಎಡಗೈ ನೋಡಿ, ಹೆಬ್ಬೆರಳು ನಡುಗುತ್ತಿದೆ, ಆದರೆ ಕೀಲಿ ತಪ್ಪಿಲ್ಲ. ಮೊದಲ ಗೋಲೆಮ್ ಹೋಯಿತು. ಎರಡನೆಯದು ಡ್ಯೂರಿಯಲ್‌ನ ಹಿಂದೆ ಎದ್ದಿತು. ಅದು ತಪ್ಪು ಜಾಗವೆಂದು ನಾನು ಕೂಗಬೇಕೆನ್ನುವಷ್ಟರಲ್ಲಿ ಡ್ಯೂರಿಯಲ್ ಹಿಂದಿರುಗಿದ, ಅಸ್ಥಿಪಂಜರಗಳಿಗೆ ಅವನ ಬೆನ್ನು ಸಿಕ್ಕಿತು. ಅದನ್ನು ನಾನು ಹೇಳಿಕೊಟ್ಟದ್ದಲ್ಲ, ಅವನೇ ಕಂಡುಕೊಂಡದ್ದು. ಒಂದು ಅಸ್ಥಿಪಂಜರ ಬಿತ್ತು, ಇನ್ನೊಂದು, ಮತ್ತೆರಡು. ಎರಡೇ ಉಳಿದವು. ಗೋಲೆಮ್ ಐದನೆಯ ಸಲ ಎದ್ದಿತು. ಈಟಿಯವನು ಸತ್ತ. ಡ್ಯೂರಿಯಲ್‌ನ ಜೀವಬಲ ತೋರಿಸುವ ಮೇಲಿನ ಕೆಂಪು ಪಟ್ಟಿ ಕೂದಲೆಳೆಯಷ್ಟು ಉಳಿದಾಗ ನೀಲಿ ಸೀಸೆ ಮುಗಿದವು, ಶಾಪಕ್ಕೂ ಗೋಲೆಮ್‌ಗೂ ಶಕ್ತಿಯಿಲ್ಲ. ಆ ಎರಡು ಅಸ್ಥಿಪಂಜರಗಳೇ ಹೊಡೆದವು.

ಡ್ಯೂರಿಯಲ್ ಕುಸಿದ. ಹುಡುಗ ಏನೂ ಹೇಳಲಿಲ್ಲ. ಎರಡೂ ಕೈಗಳನ್ನು ಕೀಬೋರ್ಡಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಉಳಿದ ಆ ಎರಡು ಎಲುಬಿನ ಗೂಡುಗಳನ್ನು ನೋಡುತ್ತ ಕುಳಿತ. ನನ್ನ ಕಣ್ಣು ತುಂಬಿ ಬಂತು, ಅದನ್ನು ಮರೆಮಾಚಲು ನನಗೆ ಮನಸ್ಸಿಲ್ಲ.

ಮುಂದಿನ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ಅಸ್ಥಿಪಂಜರಕ್ಕೂ ಮಾಸ್ಟರಿಗೂ ಇಪ್ಪತ್ತಿಪ್ಪತ್ತು ತುಂಬುವವರೆಗೆ ಕೈ ಬಿಗಿಹಿಡಿಯಿರಿ. ನಡುವೆ ಡಿಕ್ರೆಪಿಫೈಗೆ ದಾರಿ ಮಾಡಿಕೊಳ್ಳಿ, ಗೋಲೆಮ್ ಮಾಸ್ಟರಿಯ ಮೂಲಕ, ಸೈನ್ಯಕ್ಕೆ ಮಂತ್ರಗಳ ಪೆಟ್ಟು ತಡೆಯುವ ಬಲ ಕೊಡುವ ಸಮನ್ ರೆಸಿಸ್ಟ್‌ಗೆ ಒಂದು ಕೊಡಿ. ನಾಲ್ಕನೆಯ ಅಂಕದಲ್ಲಿ ಇಜುವಲ್ ಎಂಬ ಶತ್ರುವನ್ನು ಕೊಂದರೆ ಎರಡು ಪಾಯಿಂಟ್ ಒಟ್ಟಿಗೆ ಸಿಗುತ್ತವೆ. ನೈಟ್‌ಮೇರ್‌ನ ಎರಡನೆಯ ಅಂಕ ತಲುಪಿದಾಗ ಮೈಟ್ ಪ್ರಭಾವಲಯವಿರುವ ಬಾಡಿಗೆ ಸೈನಿಕನನ್ನು ಹುಡುಕಿ ಇಟ್ಟುಕೊಳ್ಳಿ. ಅವನು ನಿಂತಲ್ಲಿ ಇಡೀ ಸೈನ್ಯದ ಪೆಟ್ಟು ಏರುತ್ತದೆ. ಅವನ ಕೈಗೆ ರಾಲ್, ಟಿರ್, ಟಾಲ್, ಸೋಲ್ ಎಂಬ ರೂನ್ ಕಲ್ಲುಗಳನ್ನು ಕೂರಿಸಿ ಮಾಡುವ ಇನ್‌ಸೈಟ್ ಆಯುಧ ಕೊಟ್ಟರೆ ನೀಲಿ ಸೀಸೆಗಳ ಚಿಂತೆ ಬಹುಪಾಲು ತೀರುತ್ತದೆ. ಮಂತ್ರವಾದಿ ಅಸ್ಥಿಪಂಜರಗಳನ್ನು ಮೆಚ್ಚುವವರು ಬಹಳ ಜನರಿದ್ದಾರೆ. ನಾನು ಅವುಗಳಿಗೆ ಕೊನೆಯಲ್ಲಿ ಉಳಿದ ಪಾಯಿಂಟುಗಳನ್ನಷ್ಟೇ ಕೊಡುತ್ತೇನೆ.

ಸಂಜೆ ಐದೂವರೆ. ಮಳೆ ಇಳಿದಿದೆ. ಕೆಳಗಿನ ಮನೆಯವರು ಥಾಣೆ ನಿಲ್ದಾಣದವರೆಗೆ ಲೋಕಲ್ ಗಾಡಿ ಬಿಟ್ಟಿದ್ದಾರೆಂದು ಕೂಗಿ ಹೇಳಿದರು. ಹಬೆಯಿಂದ ತೆಗೆದ ಪತ್ರೊಡೆಯನ್ನು ಅಮ್ಮ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತಿದ್ದಾರೆ. ಹುಡುಗ ಹಡಗಿನಲ್ಲಿ ಮೂರನೆಯ ಅಂಕದ ಊರು ಕುರಾಸ್ಟ್ ತಲುಪಿ, ಕಾಡಿಗೆ ಕಾಲಿಟ್ಟು, ಮೊದಲ ಶತ್ರುವನ್ನು ಬೀಳಿಸಿದ್ದಾನೆ. ಮೌಸಿನ ಗುರುತು ಹೆಣದ ಮೇಲೆ ನಿಂತಿದೆ. ಅಡುಗೆಮನೆಯಿಂದ ಎರಡನೆಯ ಸಲ ಕರೆ ಬಂತು.

"ಇದೊಂದನ್ನು ಎಬ್ಬಿಸಿ ಬರುತ್ತೇನೆ ಅಜ್ಜಿ."