ಕಾರ್ಡ್ ಕೊಳ್ಳುವ ಮುಂಚೆ ಸ್ಲಾಟ್ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಾಲೇಜು, ಆಸ್ಪತ್ರೆ, ಬ್ಯಾಂಕು, ಎಲ್ಲೇ ಆಗಲಿ, ಸರ್ವರ್ ರೂಮ್ ನೋಡಿಕೊಳ್ಳುವವರಿಗೆ ಇವತ್ತಿನ ಮಾತು. ವಿಷಯ, ಸರ್ವರನ್ನು ನೆಟ್‌ವರ್ಕಿಗೆ ಜೋಡಿಸುವ ನೆಟ್‌ವರ್ಕ್ ಕಾರ್ಡ್ ಮತ್ತು ಸರ್ವರಿನ ಬೋರ್ಡಿನಲ್ಲಿ ಅದು ಕೂರುವ ಸ್ಲಾಟ್.

ಈಥರ್‌ನೆಟ್ ಅಂದರೆ ಕಂಪ್ಯೂಟರುಗಳನ್ನು ಕೇಬಲ್ ಮೂಲಕ ಜೋಡಿಸುವ ವಿಧಾನ. ಅದು ಹುಟ್ಟಿದ್ದು 1973ರಲ್ಲಿ, ಅಮೆರಿಕದ ಝೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ. ಆಗಿನ ವೇಗ ಸೆಕೆಂಡಿಗೆ 3 ಮೆಗಾಬಿಟ್‌ಗಿಂತ ಕಡಿಮೆ. ಈಗ ಇಂಟೆಲ್‌ನ ಇ830 ಕಾರ್ಡ್ ಸೆಕೆಂಡಿಗೆ 200 ಗಿಗಾಬಿಟ್ ಮುಟ್ಟುತ್ತದೆ, ಒಂದು ಗಿಗಾಬಿಟ್ ಅಂದರೆ ಸಾವಿರ ಮೆಗಾಬಿಟ್. ಎನ್‌ವಿಡಿಯಾದ ಕನೆಕ್ಟ್‌ಎಕ್ಸ್-7 400 ಗಿಗಾಬಿಟ್, ಅದರ ನಂತರದ್ದು 800. ಇವನ್ನು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಆದರೆ ಡಬ್ಬದ ಮೇಲಿನ ಆ ಅಂಕಿ ನಿಮ್ಮ ಕೈಗೆ ಸಿಗುತ್ತದೋ ಇಲ್ಲವೋ ಅನ್ನೋದನ್ನು ತೀರ್ಮಾನಿಸುವುದು ಕಾರ್ಡ್ ಕೂರುವ ಸ್ಲಾಟ್. ಅಲ್ಲಿ ಕಾರ್ಡಿಗೂ ಪ್ರೊಸೆಸರಿಗೂ ನಡುವೆ ಡೇಟಾ ಓಡಾಡುವ ದಾರಿಗೆ ಪಿಸಿಐಇ ಅಂತ ಹೆಸರು, ಆ ದಾರಿಯ ಒಂದೊಂದು ಸಾಲೇ ಲೇನ್. ಕೆರೆ ಎಷ್ಟೇ ದೊಡ್ಡದಿರಲಿ, ನೀರು ಬರುವುದು ತೂಬಿನಷ್ಟೇ.

ಒಂದು ಕಡೆ ನನ್ನನ್ನು ಕರೆಸಿದ್ದರು. ಹೆಸರು ಬೇಡ. ಹೊಸದಾಗಿ 100 ಗಿಗಾಬಿಟ್ ಕಾರ್ಡ್‌ಗಳನ್ನು ಹಾಕಿಸಿದ್ದರು. ವೇಗ ಮಾತ್ರ ಐವತ್ತು ಚಿಲ್ಲರೆ ದಾಟುತ್ತಿರಲಿಲ್ಲ. ಕೇಬಲ್ ಬದಲಾಯಿಸಿದ್ದಾಯಿತು. ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ ಕೆಟ್ಟಿದೆ ಅಂತ ಸ್ವಿಚ್ ಮಾರಿದವರ ಜೊತೆ ಜಗಳವೂ ಆಯಿತು. ಕಾರ್ಡ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹೊಸದು ಹಾಕಿದರು, ಮತ್ತೆ ಹಳೆಯದಕ್ಕೆ ಬಂದರು. ಸರ್ವರ್ ಶುರುವಾಗುವಾಗ ಬರೆದಿಡುವ ದಾಖಲೆ, ಅಂದರೆ ಬೂಟ್ ಲಾಗ್, ಅದನ್ನು ಯಾರೂ ತೆಗೆದು ಓದಿರಲಿಲ್ಲ. ತೆಗೆದರೆ ಅದರಲ್ಲೇ ಸ್ಪಷ್ಟವಾಗಿ ಬರೆದಿದೆ: ಸಿಗುವ ಪಿಸಿಐಇ ಬ್ಯಾಂಡ್‌ವಿಡ್ತ್ 63 ಗಿಗಾಬಿಟ್, ಲಿಂಕ್ ಎಂಟೇ ಲೇನ್, ಹದಿನಾರು ಲೇನ್ ಇದ್ದಿದ್ದರೆ 126. ಸರ್ವರಿನ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಪ್ರತಿ ಸಲ ಸರ್ವರ್ ಶುರುವಾದಾಗಲೂ ಇದನ್ನೇ ಹೇಳುತ್ತಿತ್ತು! ಸರ್ವರ್ ಮುಚ್ಚಳ ತೆಗೆಸಿದೆ. ನೋಡೋಕೆ ಉದ್ದನೆಯ ಸ್ಲಾಟ್, ಕಾರ್ಡ್ ಪೂರ್ತಿ ಕೂತಿದೆ. ಆದರೆ ಆ ಸ್ಲಾಟಿಗೆ ಬೋರ್ಡಿನಲ್ಲಿ ಎಂಟು ಲೇನ್ ಮಾತ್ರ ಎಳೆದಿದ್ದಾರೆ. ಪಕ್ಕದಲ್ಲೇ ಹದಿನಾರು ಲೇನಿನ ಸ್ಲಾಟ್ ಖಾಲಿ ಇತ್ತು. ಕಾರ್ಡ್ ಕಿತ್ತು ಅಲ್ಲಿಗೆ ಹಾಕಿದೆವು. ಅಷ್ಟೇ ಕೆಲಸ. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ಜನರ ಸಮಯ ಹಾಳಾಯಿತಲ್ಲ ಅಂತ ನನಗೆ ಬೇಜಾರು.

ಹಾಗಾಗಿ ಮತ್ತೆ ಹೇಳುತ್ತೇನೆ, ಮೊದಲು ಸ್ಲಾಟ್ ನೋಡಿ. ಲೇನ್ ಎಷ್ಟು, ಯಾವ ತಲೆಮಾರಿನದು, ಎರಡೂ ಬೇಕು. ಹದಿನಾರು ಲೇನಿನ ಪಿಸಿಐಇ 3ರಲ್ಲಿ ಸುಮಾರು 126 ಗಿಗಾಬಿಟ್, 4ರಲ್ಲಿ 252, 5ರಲ್ಲಿ 504. ಅಂದರೆ 400 ಗಿಗಾಬಿಟ್ ಕಾರ್ಡನ್ನು ಹಳೆಯ ಸರ್ವರಿಗೆ ಹಾಕಿದರೆ ದುಡ್ಡು ದಂಡ, ಅಲ್ವಾ?

ಎರಡು ಪ್ರೊಸೆಸರ್ ಇರುವ ಸರ್ವರಿನಲ್ಲಿ ಸ್ಲಾಟ್ ಯಾವ ಪ್ರೊಸೆಸರಿಗೆ ಸೇರಿದ್ದು ಅಂತಲೂ ನೋಡಿ. ಕೆಲಸ ಮಾಡುವ ಪ್ರೋಗ್ರಾಂ ಅದೇ ಪ್ರೊಸೆಸರಿನಲ್ಲಿರಲಿ. ಆರ್‌ಡಿಎಂಎ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ವೇಳೆ ಸಾಲದು. ಪ್ರೊಸೆಸರಿಗೆ ತೊಂದರೆ ಕೊಡದೆ ಕಾರ್ಡೇ ನೇರವಾಗಿ ಆ ಕಡೆಯ ಕಂಪ್ಯೂಟರಿನ ಮೆಮೊರಿಗೆ ಡೇಟಾ ತಲುಪಿಸುವ ವಿಧಾನ ಅದು, ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಇನ್ನೊಂದು ಮಾತು. ಎರಡು ಪೋರ್ಟ್ ಇದೆ ಅಂತ ಸುಮ್ನೆ ಎರಡರಿಂದ ಗುಣಿಸಬೇಡಿ. ಇಂಟೆಲ್‌ನ ಇ810-ಸಿಕ್ಯೂಡಿಎ2 ಕಾರ್ಡಿನಲ್ಲಿ 100 ಗಿಗಾಬಿಟ್‌ನ ಎರಡು ಪೋರ್ಟ್ ಇವೆ, ಆದರೆ ಎರಡೂ ಸೇರಿ ಸಾಗಿಸುವುದು 100 ಮಾತ್ರ. ಕೊಟೇಶನ್ ತರಿಸುವಾಗ ಕಾರ್ಡಿನ ಒಟ್ಟು ವೇಗವನ್ನೂ ಸರ್ವರಿನ ಸ್ಲಾಟ್ ವಿವರವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡಿ ಅಂತ ಕೇಳಿ. ಕೊಡದಿದ್ದರೆ ಸಹಿ ಹಾಕಬೇಡಿ. ನಮಸ್ಕಾರ.