ಕೋಲಾರಕ್ಕೆ ಸಮುದ್ರದ ನೀರು ತರಬಹುದಾ?

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಮೂರು ಬಾಟಲಿ ಇಟ್ಟಿದ್ದೇನೆ. ಮೊದಲನೆಯದರಲ್ಲಿ ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿದ್ದೇನೆ. ಸುಮಾರು ಆರು ಟೀ ಚಮಚ. ಸಮುದ್ರದ ನೀರು ಇಷ್ಟು ಉಪ್ಪಾಗಿರುತ್ತದೆ. ಎರಡನೆಯದು ನಮ್ಮ ಓಣಿಯ ಬೋರ್‌ವೆಲ್ ನೀರು. ಮೂರನೆಯದು ಏನು ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಕಡೆ ನೀರಿನ ಮಾತು ಎದ್ದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ. "ಚೆನ್ನೈನವರು ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತಾರಂತೆ, ನಮಗೂ ಒಂದು ಪೈಪ್ ಹಾಕಿ ತರಬಾರದಾ?" 1,200 ಅಡಿ ಕೊರೆಸಿ ಬರೀ ಕಲ್ಲಿನ ಧೂಳು ಕಂಡವರು ಕೇಳುವ ಪ್ರಶ್ನೆ ಇದು. ಸುಮ್ನೆ ತಳ್ಳಿಹಾಕಬಾರದು. ಕೂತು ಲೆಕ್ಕ ಹಾಕೋಣ.

ಚೆನ್ನೈ ವಿಷಯ ನಿಜ. ಮಿಂಜೂರಿನ ಘಟಕ 2010ರಲ್ಲಿ ಶುರುವಾಯಿತು, ನೆಮ್ಮೇಲಿಯದು 2013ರಲ್ಲಿ. ಒಂದೊಂದೂ ದಿನಕ್ಕೆ 10 ಕೋಟಿ ಲೀಟರ್ ಕೊಡುವ ಘಟಕ. 2024ರಲ್ಲಿ ನೆಮ್ಮೇಲಿಯಲ್ಲೇ 15 ಕೋಟಿ ಲೀಟರಿನ ಇನ್ನೊಂದು ಬಂತು.

ಉಪ್ಪು ಹೇಗೆ ಬಿಡಿಸುತ್ತಾರೆ? ಶ್ರೀನಿವಾಸಪುರದ ಮಾವು ನಿಮಗೆ ಗೊತ್ತು. ಉಪ್ಪಿನಕಾಯಿಗೆ ಹೋಳು ಮಾಡಿ, ಉಪ್ಪು ಬೆರೆಸಿ ರಾತ್ರಿ ಮುಚ್ಚಿಟ್ಟರೆ ಬೆಳಗ್ಗೆ ಹೋಳು ಮುದುಡಿ ನೀರು ಬಿಟ್ಟಿರುತ್ತದೆ, ಅಲ್ವಾ? ಕಾಯಿಯೊಳಗಿನ ತೆಳುವಾದ ಪೊರೆಗಳನ್ನು ದಾಟಿಸಿ ನೀರನ್ನು ಉಪ್ಪು ತನ್ನ ಕಡೆ ಎಳೆದುಕೊಳ್ಳುತ್ತದೆ. ಈಗ ಇದನ್ನು ತಿರುಗಾಮುರುಗಾ ಮಾಡಿ. ಉಪ್ಪುನೀರನ್ನು ಜೋರಾಗಿ ಒತ್ತಿ, ಪೊರೆ ದಾಟಿಸಿ, ಸಿಹಿನೀರನ್ನು ಮಾತ್ರ ಆಚೆ ತಳ್ಳಬೇಕು. ಇದೇ ರಿವರ್ಸ್ ಆಸ್ಮೋಸಿಸ್. ನಾವು ಆರ್‌ಓ ಅನ್ನುತ್ತೇವೆ. ಲಾರಿ ಟೈರಿನಲ್ಲಿರುವ ಗಾಳಿಗಿಂತ ಏಳೆಂಟು ಪಟ್ಟು ಒತ್ತಡ ಬೇಕು. ಇದಕ್ಕೆ ತಕ್ಕ ಪೊರೆಯನ್ನು 1959ರ ಸುಮಾರಿಗೆ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಇಬ್ಬರು ಮಾಡಿ ತೋರಿಸಿದರು. ಒಬ್ಬರು ಸಿಡ್ನಿ ಲೋಬ್. ಇನ್ನೊಬ್ಬರು ಶ್ರೀನಿವಾಸ ಸೌರಿರಾಜನ್, ಭಾರತದಲ್ಲಿ ಹುಟ್ಟಿದವರು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ವಿಷಯ.

ಆರ್‌ಓ ಒಂದೇ ದಾರಿಯಲ್ಲ. ಲಕ್ಷದ್ವೀಪದ ಕವರಟ್ಟಿಯಲ್ಲಿ 2005ರಿಂದ ಪೊರೆಯೇ ಇಲ್ಲದ ಘಟಕ ಇದೆ. ಸಮುದ್ರದ ಮೇಲಿನ ಬೆಚ್ಚಗಿನ ನೀರನ್ನು ಗಾಳಿ ತೆಗೆದ ಕೋಣೆಗೆ ಬಿಡುತ್ತಾರೆ. ಅಲ್ಲಿ ಅದರಲ್ಲಿ ಸ್ವಲ್ಪ ಪಾಲು ಕಾಯಿಸದೆಯೇ ಆವಿಯಾಗುತ್ತದೆ. ನೂರಾರು ಮೀಟರ್ ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪು ಮಾಡಿ ಸಿಹಿನೀರು ಹಿಡಿಯುತ್ತಾರೆ. ದಿನಕ್ಕೆ ಒಂದು ಲಕ್ಷ ಲೀಟರ್. ಸುತ್ತ ಸಮುದ್ರವೇ ಇರುವ ಪುಟ್ಟ ದ್ವೀಪಕ್ಕೆ ಇದಕ್ಕಿಂತ ಒಪ್ಪುವ ಉಪಾಯ ನನಗೆ ಕಾಣುವುದಿಲ್ಲ.

ಈಗ ಕೋಲಾರದ ಲೆಕ್ಕ. ಇವತ್ತಿನ ಒಳ್ಳೆಯ ಆರ್‌ಓ ಘಟಕದಲ್ಲಿ ಸಮುದ್ರದ ನೀರಿನಿಂದ ಸಾವಿರ ಲೀಟರ್ ಸಿಹಿನೀರು ಮಾಡಲು 3ರಿಂದ 4 ಯೂನಿಟ್ ಕರೆಂಟು ಸಾಕು. ಆದರೆ ನಾವು ಸಮುದ್ರಕ್ಕಿಂತ 800 ಮೀಟರಿಗೂ ಜಾಸ್ತಿ ಎತ್ತರದಲ್ಲಿದ್ದೇವೆ. ಸಾವಿರ ಲೀಟರ್ ಅಂದರೆ ಒಂದು ಟನ್ ತೂಕ. ಅದನ್ನು ಇಷ್ಟು ಮೇಲೆ ಎತ್ತಲು, ಪಂಪಿನ ನಷ್ಟ ಸೇರಿಸಿದರೆ, ಇನ್ನೂ ಸುಮಾರು 3 ಯೂನಿಟ್ ಬೇಕು. ಅಂದರೆ ಉಪ್ಪು ತೆಗೆಯಲು ಎಷ್ಟೋ, ಘಟ್ಟ ಹತ್ತಿಸಲು ಹೆಚ್ಚೂಕಡಿಮೆ ಅಷ್ಟೇ! ಅಷ್ಟು ದೂರದ ಪೈಪು ನೀರಿಗೆ ಒಡ್ಡುವ ತಡೆ ಬೇರೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ತಂತಿಯ ಮೇಲೆ ಕರೆಂಟು ಬಂತು, 140 ಕಿಲೋಮೀಟರಿಗೂ ಜಾಸ್ತಿ ದೂರ. ಕರೆಂಟಿಗೆ ತೂಕವಿಲ್ಲ. ಅದೇ ಗಣಿಯ ಊರಿಗೆ ಕುಡಿಯುವ ನೀರು ಬಂದದ್ದು ಮಾತ್ರ ಪಕ್ಕದ ಬೇತಮಂಗಲದ ಕೆರೆಯಿಂದ. ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿದ್ದು, 2018ರಿಂದ ನಮ್ಮ ಕೆರೆಗಳಿಗೆ ಬರಲು ಆಗಿದ್ದೂ ಬೆಂಗಳೂರು ಹೆಚ್ಚೂಕಡಿಮೆ ನಮ್ಮಷ್ಟೇ ಎತ್ತರದಲ್ಲಿ ಇರುವುದರಿಂದ. ಅದು ಅಂತರ್ಜಲ ತುಂಬಲಿ ಅಂತ ತಂದ ನೀರು, ನೇರವಾಗಿ ಕುಡಿಯಲು ಅಲ್ಲ.

ಹಾಗಾದರೆ ಸಮುದ್ರದ ನೀರಿನ ಕಥೆ ನಮಗೆ ಯಾಕೆ? ಆ ಯಂತ್ರ ಆಗಲೇ ನಮ್ಮೂರಿಗೆ ಬಂದಿದೆ, ಅದಕ್ಕೆ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತೀರಲ್ಲ, ಆ ಫಿಲ್ಟರ್ ನೀರಿನ ಘಟಕದ ಒಳಗೆ ಇರುವುದೂ ಅದೇ ಪೊರೆ. ಸಮುದ್ರದ ಬದಲು ಬೋರ್‌ವೆಲ್, ಉಪ್ಪಿನ ಜೊತೆಗೆ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಫ್ಲೋರೈಡ್ ಕುಡಿಯಲು ಸಲ್ಲದು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಮೂಳೆ, ಕೀಲಿನ ನೋವು. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ಪೊರೆಯ ಇನ್ನೊಂದು ಬದಿ ಉಳಿಯುವ ನೀರು ಎಲ್ಲಿ ಹೋಗುತ್ತದೆ? ನನ್ನನ್ನು ಜಾಸ್ತಿ ಕಾಡುವುದು ಇದು. 2019ರ ಒಂದು ಅಂದಾಜಿನಂತೆ ಜಗತ್ತಿನ ಇಂಥ ಘಟಕಗಳು ದಿನಕ್ಕೆ 9.5 ಕೋಟಿ ಘನ ಮೀಟರ್ ಸಿಹಿನೀರು ಕೊಡುತ್ತವೆ, 14.2 ಕೋಟಿ ಘನ ಮೀಟರ್ ಗಟ್ಟಿ ಉಪ್ಪುನೀರು ಬಿಡುತ್ತವೆ. ಕರಾವಳಿಯಲ್ಲಿ ಅದು ಸಮುದ್ರಕ್ಕೇ ವಾಪಸ್. ಅದು ಭಾರವಾದ್ದರಿಂದ ತಳಕ್ಕಿಳಿದು ಜಲಜೀವಿಗಳಿಗೆ ತೊಂದರೆ ಮಾಡುತ್ತದೆ. ಹಾಗಾಗಿ ಚದುರಿಸಿ ಬಿಡಬೇಕು. ನಮಗೆ ಸಮುದ್ರವೂ ಇಲ್ಲ. ಘಟಕದ ಹಿಂದೆ ಒಂದು ಪೈಪ್, ಅದು ಚರಂಡಿಗೆ, ಚರಂಡಿ ಕುಂಟೆಗೆ. ಬೋರ್‌ವೆಲ್ ನೀರಿನಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಇದೆ ಅಂದುಕೊಳ್ಳಿ. ಅರ್ಧ ನೀರು ಸಿಹಿಯಾದರೆ ಉಳಿದ ಅರ್ಧದಲ್ಲಿ ಅದು 4ರ ಹತ್ತಿರ ಹೋಗುತ್ತದೆ. ಆ ನೀರು ಇಂಗಿ ಮತ್ತೆ ಬೋರ್‌ವೆಲ್ಲಿಗೇ ಇಳಿಯುತ್ತದೆ. ನಾಣ್ಯ ಕೊಟ್ಟು ತೆಗೆಸಿದ ವಿಷವನ್ನು ನಾವೇ ಮತ್ತೆ ನೆಲಕ್ಕೆ ಉಣಿಸುತ್ತಿದ್ದೇವೆ. ನಿಮ್ಮೂರಿನ ಘಟಕದ ಹಿಂದೆ ಹೋಗಿ ಆ ಪೈಪ್ ಎಲ್ಲಿ ಬಿಡುತ್ತದೆ ನೋಡಿ. ಪಾತ್ರೆ, ನೆಲ, ಶೌಚಾಲಯ ತೊಳೆಯಲು ಆ ನೀರನ್ನು ಹಿಡಿದಿಡಿ. ಗ್ರಾಮಸಭೆಯಲ್ಲಿ ಕೇಳಿ.

ಮೂರನೇ ಬಾಟಲಿ ನಮ್ಮ ಮನೆಯ ಚಾವಣಿಯ ಮಳೆನೀರು. ಇದೂ ಸಮುದ್ರದ್ದೇ ನೀರು. ಉಪ್ಪು ತೆಗೆದು, 800 ಮೀಟರ್ ಮೇಲೆ ಎತ್ತಿ, ಬಾಗಿಲಿಗೆ ತಂದುಕೊಡುವ ಕೆಲಸವನ್ನು ಸೂರ್ಯ, ಗಾಳಿ ಮಾಡಿ ಮುಗಿಸಿವೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಸಾವಿರ ಚದರಡಿ ಚಾವಣಿ ಇದ್ದರೆ, ಸೋರಿದ್ದು, ಚೆಲ್ಲಿದ್ದು ಕಳೆದರೂ 50,000 ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ಮನೆಗೆ ದಿನಕ್ಕೊಂದು ಕ್ಯಾನ್ ಅಂದರೆ ವರ್ಷಕ್ಕೆ 7,300 ಲೀಟರ್. 10,000 ಲೀಟರಿನ ಒಂದು ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯಲ್ಲಿ ಚಾವಣಿಯ ಕೊಳೆ ತೊಳೆದು ಹೋಗಲಿ, ಆಮೇಲೆ ಹಿಡಿಯಿರಿ. ತೊಟ್ಟಿಗೆ ಬೆಳಕು ಬೀಳಬಾರದು. ಆದರೆ ಈ ನೀರನ್ನು ಕುದಿಸಿಯೇ ಕುಡಿಯಿರಿ. ಇದರಲ್ಲಿ ಇರಬಹುದಾದದ್ದು ಕ್ರಿಮಿ, ಫ್ಲೋರೈಡ್ ಅಲ್ಲ.

ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ತಂದಿದ್ದೇನೆ. ಅದು ಫ್ಲೋರೈಡ್ ತೋರಿಸುವುದಿಲ್ಲ, ಅದಕ್ಕೆ ಬಣ್ಣ ನೋಡಿ ಹೇಳುವ ಕಿಟ್ ಬೇರೆ ಇದೆ. ಮನೆಯಿಂದ ಬಾಟಲಿಯಲ್ಲಿ ನೀರು ತಂದವರು ಈ ಕಡೆ ಸಾಲು ನಿಲ್ಲಿ. ಮಕ್ಕಳು ಮೊದಲು ಬನ್ನಿ.